ತಿಪ್ಪವ್ವನಿಗೆ ಒಂದು ಮೊರ ಜೋಳ

ಫೋಟೋ ತೆಗೆಯುವ ಮೊದಲು ಹುಡುಗಿಯ ಮುಖಕ್ಕೆ ಪೌಡರ್ ಬಳಿಯುತ್ತಿದ್ದರು. ಆಯಾ ಹಚ್ಚಿದ್ದು ಸಾಲದೆಂದು ನಮ್ಮ ಸಂಸ್ಥೆಯ ಅಧೀಕ್ಷಕರು ತಾವೇ ಡಬ್ಬಿ ಕಸಿದುಕೊಂಡು ಅವಳ ಕೆನ್ನೆ, ಕುತ್ತಿಗೆ, ಕಿವಿಯ ಹಿಂಭಾಗಕ್ಕೆಲ್ಲ ಮೆತ್ತಿದರು. ಹುಟ್ಟುವಾಗಲೇ ಸೀಳಿದ್ದ ಮೇಲ್ತುಟಿಯನ್ನು ಹೊಲಿದ ಗುರುತಿತ್ತಲ್ಲ, ಅದರ ಮೇಲೆ ಇನ್ನೂ ದಪ್ಪಗೆ. ಏಳು ವರ್ಷದ ಕಪ್ಪು ಹುಡುಗಿ ಹಿಟ್ಟಿನ ಗಿರಣಿಯಿಂದ ಎದ್ದು ಬಂದವಳಂತೆ ಕಾಣತೊಡಗಿದಳು. ಕ್ಯಾಮೆರಾ ಎತ್ತುವಷ್ಟರಲ್ಲಿ ಜೋರಾಗಿ ಸೀನಿದಳು. ಅರ್ಧ ಪೌಡರ್ ಅಧೀಕ್ಷಕರ ಅಂಗಿಗೆ ಹೋಯಿತು. ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಮರಾಠಿ ಸೀಮೆಯ ಜಿಲ್ಲಾ ಕೇಂದ್ರದಲ್ಲಿರುವ ನಮ್ಮದು ಮಕ್ಕಳನ್ನು ದತ್ತಕ ಕೊಡುವ ಸಂಸ್ಥೆ. ಯಾರೂ ಇಲ್ಲದ ಮಗು ಕಾನೂನಿನ ಪ್ರಕಾರ ದತ್ತಕಕ್ಕೆ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಹೇಳಿದ ಮೇಲೆ, ಅದರ ಹಿನ್ನೆಲೆಯನ್ನು ಹುಡುಕಿ ಬರೆಯುವುದು, ಡಾಕ್ಟರಿಗೆ ತೋರಿಸುವುದು, ಫೋಟೋ ಸಮೇತ ಎಲ್ಲವನ್ನೂ ದೆಹಲಿಯ ಜಾಲತಾಣಕ್ಕೆ ಏರಿಸುವುದು, ಆಮೇಲೆ ಮಗುವನ್ನು ಹೊಸ ಮನೆಗೆ ಸಿದ್ಧಪಡಿಸುವುದು ನನ್ನ ಕೆಲಸ. ನಾನು ಗಡಿಯ ಜತ್ತ ತಾಲೂಕಿನವಳು, ಮನೆಮಾತು ಕನ್ನಡ. ಹಾಗಾಗಿ ಕನ್ನಡ ಮಾತಾಡುವ ಮಗು ಬಂದರೆ ನನ್ನ ಕೊರಳಿಗೇ ಬೀಳುತ್ತದೆ.

ಈ ಹುಡುಗಿ ನಮ್ಮದೇ ತಾಲೂಕಿನ ಕುಣಿಕೋಣೂರಿನವಳು. ಹೆಸರು ತಿಪ್ಪವ್ವ. ಅಧೀಕ್ಷಕರಿಗೆ ಆ ಹೆಸರು ಕೇಳಿದರೇ ಮೈಮೇಲೆ ಹುಳ ಬಿದ್ದಂತಾಗುತ್ತಿತ್ತು. "ತಿಪ್ಪೆ ಅಂತ ಯಾರಾದರೂ ಮಗುವಿಗೆ ಹೆಸರಿಡುತ್ತಾರೆಯೇ? ಈ ಹೆಸರು ನೋಡಿ ಯಾರು ಮುಂದೆ ಬರುತ್ತಾರೆ?" ಎಂದು ಮರಾಠಿಯಲ್ಲಿ ಗದರಿ ಅವಳನ್ನು ತನಿಷಾ ಮಾಡಿದರು. ಕೋಣೆಯ ತುಂಬ "ತನಿಷಾ, ತನಿಷಾ" ಎಂದು ಕೂಗಿದರೂ ಅವಳು ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಸುಮ್ಮನೆ ಕೂತಿರುತ್ತಿದ್ದಳು. ನಾನು "ತಿಪ್ಪಿ" ಎಂದರೆ ಮಾತ್ರ "ಓ" ಎನ್ನುತ್ತಿದ್ದಳು. ಹೆಸರಿನ ವಿಷಯದಲ್ಲಿ ಅಧೀಕ್ಷಕರು ಭಾರಿ ಸೂಕ್ಷ್ಮ. ತಮ್ಮ ಬಾಗಿಲ ಫಲಕದಲ್ಲಿ, ಸಹಿಯಲ್ಲಿ ಬರೀ ಹೆಸರಿನ ಮೊದಲ ಅಕ್ಷರ ಮತ್ತು ಮನೆತನದ ಅಡ್ಡಹೆಸರು ಇಟ್ಟುಕೊಂಡಿದ್ದರು. ನಾವೆಲ್ಲ ಭಾವೂಸಾಹೇಬ ಎಂದೇ ಕರೆಯುತ್ತಿದ್ದೆವು.

ಪೌಡರ್ ಹಚ್ಚಿದ ಫೋಟೋ ದೆಹಲಿಗೆ ಹೋಯಿತು. ನಿಯಮದ ಪ್ರಕಾರ ಮೊದಲು ದೇಶದೊಳಗಿನ ದಂಪತಿಗಳಿಗೆ ತೋರಿಸಬೇಕು. ಅವರು ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲು ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತೇನೆ. ಒಬ್ಬರು ಫೋನ್ ಮಾಡಿ ಬಿಸಿಲಿಗೆ ಕಪ್ಪಾಗಿದ್ದಾಳೋ ಅಥವಾ ಹುಟ್ಟಿನಿಂದಲೇ ಕಪ್ಪೋ ಎಂದು ಕೇಳಿದರು. ಇನ್ನೊಬ್ಬರು ಮುಂದೆ ಇವಳ ಮದುವೆಯಾದರೆ ಮೊಮ್ಮಕ್ಕಳ ತುಟಿಯೂ ಸೀಳಿರುತ್ತದೆಯೇ ಎಂದರು. ಒಬ್ಬಾಕೆ ಮಾತಿನ ನಡುವೆ ದನಿ ತಗ್ಗಿಸಿ, "ಜಾತಿ ಗೊತ್ತಾಗಲಿಲ್ಲವಲ್ಲ?" ಎಂದಳು. ನಾನು "ಅದನ್ನು ನಾವು ಕೇಳುವುದಿಲ್ಲ" ಎಂದೆ. "ಸುಮ್ಮನೆ ಕೇಳಿದೆ" ಎಂದು ಫೋನಿಟ್ಟಳು. ಸಂತೆಯಲ್ಲಿ ಬದನೆಕಾಯಿ ಹಿಂದೆ ಮುಂದೆ ತಿರುವಿ ನೋಡುವವರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ. ಎಲ್ಲರೂ ಬೇಡವೆಂದ ಮೇಲೆ ಅವಳ ಕಡತ ಹೊರದೇಶದವರ ಪಾಲಿಗೆ ತೆರೆಯಿತು. ಇಟಲಿಯ ಗಂಡಹೆಂಡತಿ ಮುಂದೆ ಬಂದರು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಹೆಂಡತಿ ಶಾಲೆಯೊಂದರಲ್ಲಿ ಅಡುಗೆಯವಳು. ಅವರು ಕೇಳಿದ್ದು ಒಂದೇ: ಅವಳಿಗೆ ರಾತ್ರಿ ದೀಪ ಬೇಕೋ, ಬೇಡವೋ?

ಹಿನ್ನೆಲೆ ತಿಳಿಯಲು ನಾನು ಮೊದಲೇ ಕುಣಿಕೋಣೂರಿಗೆ ಹೋಗಿಬಂದಿದ್ದೆ. ಹುಡುಗಿಯ ಅಪ್ಪ ಕಬ್ಬು ಕಡಿಯಲು ಹೋದಲ್ಲೇ ತೀರಿಕೊಂಡಿದ್ದ. ಅವ್ವ ಕೂಲಿ ಮಾಡುತ್ತಿದ್ದವಳು, ಕಾಮಾಲೆಯಾಗಿ ಸತ್ತಿದ್ದಳು. ಸೋನ್ಯಾಳದಲ್ಲಿ ಸೋದರಮಾವ ಒಬ್ಬನಿದ್ದ. "ನನಗ ಆಗೂದಿಲ್ರಿ" ಎಂದು ಸಮಿತಿಯ ಮುಂದೆ ಕೈ ತೊಳೆದುಕೊಂಡು ಹೋಗಿದ್ದ. ಪಕ್ಕದ ಮನೆಯ ಅಜ್ಜಿಯೊಬ್ಬಳು ಅವಳನ್ನು ಸಾಕಿದ್ದಳು. ಕಣ್ಣಿಗೆ ಪೊರೆ ಬಂದು ಒಲೆಯ ಬೆಂಕಿಯೂ ಕಾಣದಂತಾದಾಗ ಆ ಅಜ್ಜಿಯೇ ಹುಡುಗಿಯ ಕೈ ಹಿಡಿದು ತಂದು ಸಮಿತಿಗೆ ಒಪ್ಪಿಸಿದ್ದಳು.

"ಬರ್ರಿ ಬಾಯಾರ, ಕುಂದ್ರಿ," ಎಂದು ಅಜ್ಜಿ ಅಂಗಳದಲ್ಲೇ ಚಾಪೆ ಹಾಸಿದಳು. "ತಿಪ್ಪವ್ವ ಉಣ್ತಾಳೇನ್ರಿ? ಮಸರು ಕೊಟ್ರ ಭಾಳ ಚಲೋ ಉಣ್ತಾಳ."

ಹೆಸರಿನ ಕಥೆ ಕೇಳಿದೆ. ನನಗೆ ಗೊತ್ತಿದ್ದದ್ದೇ, ನಮ್ಮ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಆದರೂ ಕೆಲಸದ ರೀತಿಯಂತೆ ಅವಳ ಬಾಯಿಂದಲೇ ಹೇಳಿಸಬೇಕಿತ್ತು.

"ಎರಡು ಕೂಸು ಹುಟ್ಟಿ ಸತ್ತಿದ್ದೂರಿ ತಿಪ್ಪವ್ವನ ಅವ್ವಂದು. ಅದಕ್ಕ ಇದು ಹುಟ್ಟಿದ ಕೂಡ್ಲೆ ತಿಪ್ಪಿ ಮ್ಯಾಲ ಮಲಗ್ಸಿದ್ಲು. ನಾ ಹಿಂದಿಂದ ಹೋಗಿ, 'ಇದ್ಯಾರ ಕೂಸು ಕಸದಾಗ ಬಿದ್ದೈತಿ' ಅಂತ ಎತ್ತಿಕೊಂಡೆ. ಒಂದು ಮೊರ ಜೋಳ ಆಕಿ ಉಡ್ಯಾಗ ಹಾಕಿ ಕೂಸನ್ನ ಕೊಂಡೆ. 'ಇನ್ನ ಇದು ನಂದು, ನೀ ಬರೇ ಮೊಲಿ ಕುಡಿಸಿ ಜ್ವಾಕಿ ಮಾಡು' ಅಂತ ಹೇಳಿ ಆಕಿ ಕೈಯಾಗ ಕೊಟ್ಟೆ."

"ಯಾಕಜ್ಜಿ ಹಂಗ?"

"ಸಾವು ಬಂದು ಕೂಸು ಎಲ್ಲೈತಿ ಅಂತ ಕೇಳಿದ್ರ ತಾಯಿ ಏನಂತಾಳ? 'ನಂದಲ್ಲಪಾ, ಮಾರೀನಿ' ಅಂತಾಳ. ತಿಪ್ಪಿ ಕಸಾ ಯಾರು ಒಯ್ತಾರ್ರಿ?" ಎಂದು ನಕ್ಕಳು. ಹಾಗೆ ಕೊಂಡವಳು ಜೀವಮಾನದಲ್ಲಿ ಒಮ್ಮೆಯೂ "ನಾ ಕೊಂಡಿಲ್ಲ" ಅನ್ನಬಾರದು, ಅಂದರೆ ಆ ಕಾವಲು ಹೋಗಿ ಕೂಸಿಗೆ ಗಂಡಾಂತರ ಎಂದಳು. ಆಗ ನಾನು ತಲೆಯಾಡಿಸಿ ಚಹಾ ಕುಡಿದು ಎದ್ದೆ.

ಇಟಲಿಯವರ ಜೊತೆ ವಿಡಿಯೋ ಮಾತುಕತೆ ಶುರುವಾಯಿತು. ಅವರ ಕಡೆಯಿಂದ ಹರುಕು ಇಂಗ್ಲಿಷ್, ನನ್ನ ಕಡೆಯಿಂದ ಇನ್ನೂ ಹರುಕು ಇಂಗ್ಲಿಷ್, ನಡುವೆ ತಿಪ್ಪಿಯ ಕನ್ನಡ. "ಅಲ್ಲಿ ಎಮ್ಮಿ ಅದಾವೇನ?" ಎಂದು ಕೇಳಿದಳು. ಊರಾಚೆ ಇವೆ, ಕರೆದುಕೊಂಡು ಹೋಗುತ್ತೇನೆ ಎಂದಳು ಇಟಲಿಯ ಆಕೆ. ಐದು ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. ಕೇಳಿದೆ. "ಹೋಗ್ತೀನಿ. ಆದ್ರ ಅಜ್ಜಿಗೆ ಹೇಳಿ ಹೋಗ್ತೀನಿ," ಎಂದಳು. ಎಲ್ಲ ಕಾಗದ ಸೇರಿ ಜಿಲ್ಲಾಧಿಕಾರಿಯ ಆದೇಶವೊಂದು ಬಾಕಿ ಉಳಿಯಿತು.

ಅಷ್ಟರಲ್ಲಿ ಸೋನ್ಯಾಳದ ಮಾವ ಬಂದ. ಹುಡುಗಿ ಸಂಸ್ಥೆ ಸೇರಿದಾಗಿನಿಂದ ಒಂದು ಬಾಳೆಹಣ್ಣು ಹಿಡಿದು ಬಂದವನಲ್ಲ. ಇಟಲಿಯ ಸುದ್ದಿ ಅವನಿಗೆ ಯಾರು ಮುಟ್ಟಿಸಿದರೋ, ಇಸ್ತ್ರಿ ಅಂಗಿ ಹಾಕಿ, ಪಕ್ಕಕ್ಕೊಬ್ಬ ಪುಢಾರಿಯನ್ನು ಕಟ್ಟಿಕೊಂಡು ಬಂದ. ಬಾಯ ತುಂಬ ಗುಟ್ಕಾ. ನಮ್ಮ ಮೆಟ್ಟಿಲ ಮೂಲೆಗೆ ಉಗಿದೇ ಒಳಗೆ ಕಾಲಿಟ್ಟ. ತಂಗಿಯನ್ನು ನೆನೆದು ಅಳುತ್ತಾನೇನೋ ಅಂದುಕೊಂಡೆ. ಅವನು ಜೇಬಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟ. ಸ್ಟುಡಿಯೋದಲ್ಲಿ ಟೈ ಕಟ್ಟಿಸಿ ತೆಗೆಸಿದ ಹುಡುಗನ ಫೋಟೋ.

"ನನ್ನ ಮಗ ಇಂವ. ಇಂಗ್ಲಿಷ್ ಸಾಲಿ ಕಲೀತಾನ್ರಿ. ಆ ಕರಿ ಹುಡುಗೀನ ಒಯ್ದು ಅವರರೆ ಏನ್ ಮಾಡ್ತಾರ? ಅದಕ್ಕ ತುಟಿ ಬ್ಯಾರೆ ಹಂಗ. ಅಕೀ ಬದ್ಲಿ ಇಂವನ್ನ ಕಳಸ್ರಿ. ಮನಿತನ ಒಂದ, ರಕ್ತ ಒಂದ."

"ನಿಮ್ಮ ಮಗನಿಗೆ ತಂದಿ ತಾಯಿ ಇಬ್ರೂ ಅದಾರಲ್ರಿ?" ಎಂದೆ.

"ಅದನ್ನೇನು ಅಡ್ಜಸ್ಟ್ ಮಾಡಬಹುದಲ್ಲ," ಎಂದ. ಹೆಂಡತಿ ಬದುಕಿರುವುದು ಅವನಿಗೊಂದು ಅಡಚಣೆಯಷ್ಟೇ. ಫೋಟೋವನ್ನು ಅವನ ಕಡೆ ಸರಿಸಿ, ಇದು ಎಮ್ಮೆ ಬದಲಾಯಿಸುವ ಸಂತೆಯಲ್ಲ ಎಂದು ಬಾಗಿಲು ತೋರಿಸಿದೆ. ಹೋಗುವಾಗ, "ನೋಡೂಣಂತ," ಎಂದ. ಅವನು ಕೂತಿದ್ದ ಕುರ್ಚಿಯನ್ನು ಆಯಾಳಿಂದ ಒರೆಸಿಸಿದೆ. ಅದು ಸಣ್ಣತನವೇ. ಆದರೂ ಒರೆಸಿಸಿದೆ.

ನೋಡಿಯೇಬಿಟ್ಟ. ಜಿಲ್ಲಾಧಿಕಾರಿಯ ಕಚೇರಿಗೆ ಅವನ ತಕರಾರು ಅರ್ಜಿ ಬಿತ್ತು. ಈ ಮಗುವನ್ನು ಕುಣಿಕೋಣೂರಿನ ಮುದುಕಿಯೊಬ್ಬಳು ಜೋಳ ಕೊಟ್ಟು ಖರೀದಿಸಿದ್ದಾಳೆ, ಮಾರಾಟವಾದ ಮಗುವನ್ನು ಸಂಸ್ಥೆಯವರು ವಿದೇಶಕ್ಕೆ ಸಾಗಿಸುತ್ತಿದ್ದಾರೆ, ನಮ್ಮ ರಕ್ತ, ನಮ್ಮ ಧರ್ಮ ಪರದೇಶದ ಪಾಲಾಗುತ್ತಿದೆ ಎಂದು ಶುದ್ಧ ಮರಾಠಿಯಲ್ಲಿ ಬರೆಸಿದ್ದ. ಅವನೂ ಅದೇ ಸೀಮೆಯವನು. ಆ ಜೋಳದ ಅರ್ಥ ಅವನಿಗೆ ನನ್ನಷ್ಟೇ ಗೊತ್ತಿತ್ತು. ಗೊತ್ತಿದ್ದೂ ಸತ್ತ ತಂಗಿಯ ಹರಕೆಯನ್ನು ಅಪರಾಧ ಮಾಡಿದ್ದ. ಪುಢಾರಿ ಸ್ಥಳೀಯ ಪತ್ರಿಕೆಯಲ್ಲಿ ಹೇಳಿಕೆ ಹಾಕಿಸಿದ. ಮೂತ್ರಪಿಂಡ ತೆಗೆಯಲು ಒಯ್ಯುತ್ತಾರಂತೆ ಎಂಬ ಮಾತು ಜತ್ತದ ಬಸ್‌ಸ್ಟ್ಯಾಂಡಿನಿಂದ ಶೇಗಾಂವದ ಹಿಟ್ಟಿನ ಗಿರಣಿಯವರೆಗೆ ಹಬ್ಬಿತು. ಹುಡುಗಿ ಹಸಿದಾಗ ಯಾರಿಗೂ ನೆನಪಾಗದ ಧರ್ಮ ಈಗ ಎಲ್ಲರ ಬಾಯಲ್ಲಿ.

ಜಿಲ್ಲಾಧಿಕಾರಿ ಎಲ್ಲರನ್ನೂ ವಿಚಾರಣೆಗೆ ಕರೆದರು. ಮಾರಾಟ ನಡೆದಿದೆ ಎಂದಾದರೆ ಪೊಲೀಸ್ ತನಿಖೆಯಾಗುತ್ತದೆ. ಅದು ಮುಗಿಯುವುದರೊಳಗೆ ಇಟಲಿಯವರಿಗೆ ಅವರ ಸರಕಾರ ಕೊಟ್ಟ ಅನುಮತಿಯ ಅವಧಿ ತೀರುತ್ತದೆ, ಅಜ್ಜಿ ಠಾಣೆ, ಜೈಲು ಎಂದು ಅಲೆಯುತ್ತಾಳೆ, ತಿಪ್ಪಿ ನಮ್ಮಲ್ಲೇ ಬೆಳೆಯುತ್ತಾಳೆ. ನಮ್ಮಲ್ಲಿ ಬೆಳೆದ ದೊಡ್ಡ ಹುಡುಗಿಯರನ್ನು ಆಮೇಲೆ ಯಾರೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

ಸಂಸ್ಥೆಯ ವಕೀಲರು ದಾರಿ ಸುಲಭ ಎಂದರು. ಮುದುಕಿ "ಕೊಂಡಿಲ್ಲ, ಸಾಕಿದೆ" ಅಂದರೆ ಮುಗಿಯಿತು. ಅದನ್ನು ಹೇಳಿಸಲು ನಾನು ಮತ್ತೆ ಕುಣಿಕೋಣೂರಿಗೆ ಹೋದೆ. ಅಜ್ಜಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಕಾಣದಿದ್ದರೂ ಬೆರಳು ಹರಳನ್ನು ಬಿಡುತ್ತಿರಲಿಲ್ಲ.

"ಆಗೂದಿಲ್ರಿ ಬಾಯಾರ," ಎಂದಳು.

"ಒಂದ ಮಾತ ಅಜ್ಜಿ. ಆ ಮಾತಿಂದ ಆಕೀಗೆ ತಂದಿ ತಾಯಿ ಸಿಗ್ತಾರ."

"ತಂದಿ ತಾಯಿ ಸಿಕ್ಕು ಕೂಸ ಉಳೀಲಿಲ್ಲಂದ್ರ? ಇಮಾನದಾಗ ಒಯ್ತಾರಂತೀರಿ. ಆಕೀನ ಮ್ಯಾಲ ಹಾರ್‌ಸೂ ಹೊತ್ನ್ಯಾಗ ನಾ ಕೊಂಡಿಲ್ಲ ಅನ್ಲೇನು? ಬೇಕಾದ್ರ ನನ್ನ ಜೇಲಿಗೆ ಹಾಕ್ರಿ."

ಬೇಡಿಕೊಂಡೆ, ಸಿಟ್ಟು ಮಾಡಿದೆ. ಅವಳು ಮೊರ ಕೇರುವುದನ್ನು ನಿಲ್ಲಿಸಲಿಲ್ಲ. ಹಿಂತಿರುಗುವ ಬಸ್ಸಿನಲ್ಲಿ ನನಗೆ ಅವಳ ಮೇಲೆ ಕೆಂಡದಂಥ ಸಿಟ್ಟಿತ್ತು. ಬಸ್ಸು ಜತ್ತ ದಾಟುವ ಹೊತ್ತಿಗೆ ಆ ಸಿಟ್ಟು ನನ್ನ ಮೇಲೇ ತಿರುಗಿತ್ತು. ಇಡೀ ಪ್ರಕರಣದಲ್ಲಿ ಹುಡುಗಿಯ ಜೀವ ಉಳಿಯುತ್ತದೋ ಇಲ್ಲವೋ ಎಂದು ಹೆದರುತ್ತಿದ್ದವಳು ಅವಳೊಬ್ಬಳೇ. ನಾವು ಅವಳಿಗೆ ಸುಳ್ಳು ಕಲಿಸಲು ಹೊರಟಿದ್ದೆವು.

ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಿತು. ಜಿಲ್ಲಾಧಿಕಾರಿ ಹೊರರಾಜ್ಯದ ಹೆಣ್ಣುಮಗಳು. ಮರಾಠಿ ಕಲಿತಿದ್ದರು, ಕನ್ನಡ ಬಾರದು. ಅಜ್ಜಿಗೆ ಮರಾಠಿ ಬಾರದು. ಅವಳ ಮಾತನ್ನು ಮರಾಠಿಗೆ ತರುವ ಕೆಲಸ ನನ್ನದಾಯಿತು. ಮೊದಲು ಸಂಸ್ಥೆಯ ಮುಖ್ಯಸ್ಥರ ಹೇಳಿಕೆ. ಅಧೀಕ್ಷಕರು ಎಂದಿನಂತೆ ಮೊದಲ ಅಕ್ಷರ ಮತ್ತು ಅಡ್ಡಹೆಸರು ಹೇಳಿದರು.

"ಪೂರ್ತಿ ಹೆಸರು," ಎಂದರು ಜಿಲ್ಲಾಧಿಕಾರಿ.

ಅಧೀಕ್ಷಕರು ಕೆಮ್ಮಿದರು. ಏನೋ ಗೊಣಗಿದರು. ಗುಮಾಸ್ತನಿಗೆ ಕೇಳಿಸಲಿಲ್ಲ. "ಕಚರು," ಎಂದರು ಕೊನೆಗೆ, ನೆಲ ನೋಡುತ್ತ.

ಕಚರಾ ಎಂದರೆ ಕಸ. ಇಷ್ಟು ಕಾಲ ಅವರ ಕೈಕೆಳಗೆ ದುಡಿದ ನನಗೆ ಆ ಅಕ್ಷರದ ಹಿಂದೆ ಇದ್ದ ಹೆಸರು ಅಂದೇ ತಿಳಿದದ್ದು.

ಮಾವನ ಸರದಿ ಬಂತು. ತಂಗಿಯ ಹೆಸರು ಹೇಳಿ ಕಣ್ಣೊರೆಸಿಕೊಂಡ. ಕಣ್ಣು ಒಣಗಿಯೇ ಇತ್ತು, ಕರ್ಚೀಫಿಗೆ ಮಾತ್ರ ಗುಟ್ಕಾದ ಕಲೆ. ಆಮೇಲೆ ಅಜ್ಜಿಯನ್ನು ಕರೆದರು. ನಾನು ಅವಳ ಕೈ ಹಿಡಿದು ಕೂರಿಸಿದೆ.

"ಈ ಮಗುವನ್ನು ನೀವು ಕೊಂಡಿರಾ?" ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

"ಹೌದ್ರಿ. ಕೊಂಡೀನಿ. ಒಂದು ಮೊರ ಜೋಳ ಕೊಟ್ಟು ಕೊಂಡೀನಿ."

ವಕೀಲರು ನನ್ನ ಹಿಂದಿನಿಂದ, "ಸಾಕಿದೆ ಅನ್ನಿ, ಸಾಕಿದೆ ಅನ್ನಿ," ಎಂದು ಪಿಸುಗುಟ್ಟಿದರು. ಮಾವ ಆಗಲೇ ನಗುತ್ತಿದ್ದ. ಅವನಿಗೆ ಎರಡೂ ಭಾಷೆ ಬರುತ್ತಿತ್ತು. ನಾನು ಮಾತು ತಿರುಚಿದರೆ ಎದ್ದು ನಿಲ್ಲುತ್ತಿದ್ದ. ಆದರೆ ನನ್ನನ್ನು ತಡೆದದ್ದು ಅದಲ್ಲ. ಪೌಡರ್ ಬಳಿದದ್ದು, ಹೆಸರು ಬದಲಿಸಿದ್ದು, ತುಟಿ ಮುಚ್ಚಿದ್ದು ಎಲ್ಲ ಆಗಿತ್ತು. ಇನ್ನು ಆ ಹುಡುಗಿಯ ಮೇಲೆ ನಾನೂ ಒಂದು ಪದರ ಬಳಿಯಲಾರೆ ಅನ್ನಿಸಿತು. "ಕೊಂಡಿದ್ದೇನೆ ಅನ್ನುತ್ತಾರೆ, ಒಂದು ಮೊರ ಜೋಳಕ್ಕೆ," ಎಂದು ಮರಾಠಿಯಲ್ಲಿ ಹೇಳಿದೆ. ವಕೀಲರು ತಲೆ ಚಚ್ಚಿಕೊಂಡರು.

ಜಿಲ್ಲಾಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ತಿಪ್ಪೆ, ಸತ್ತ ಕೂಸುಗಳು, ಉಡಿಯಲ್ಲಿ ಹಾಕಿದ ಜೋಳ, ಕೊಂಡವಳು ಕೊಂಡಿಲ್ಲ ಅನ್ನಬಾರದ ಕಟ್ಟು, ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡು, "ನೀವು ಸಂಸ್ಥೆಯ ನೌಕರರು. ನೀವು ಹೀಗೆಯೇ ಹೇಳಬೇಕಲ್ಲವೇ?" ಎಂದರು. ಮಾತು ಸರಿಯಾಗಿಯೇ ಇತ್ತು. ಮಾವನ ಕಡೆ ತಿರುಗಿ, ನಿಮ್ಮಲ್ಲಿ ಇಂಥ ಪದ್ಧತಿ ಇದೆಯೇ ಎಂದು ಕೇಳಿದರು. "ಎಂದೂ ಕೇಳಿಲ್ಲ," ಎಂದ ಆ ಪುಣ್ಯಾತ್ಮ.

ಕೆಲಸ ಹೋದರೆ ಹೋಗಲಿ ಅಂದುಕೊಂಡೆ. "ಹಾಗಾದರೆ ನಮ್ಮ ಅಧೀಕ್ಷಕರನ್ನು ಕೇಳಿ, ಮೇಡಂ. ಅವರಿಗೆ ಆ ಹೆಸರು ಯಾಕೆ ಇಟ್ಟರೆಂದು ಕೇಳಿ."

ಅಧೀಕ್ಷಕರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. ಎದ್ದು ನಿಂತರು. ಅಂಗಿಯ ಗುಂಡಿ ಸರಿಮಾಡಿಕೊಂಡರು. ಅವರು ಸುಳ್ಳು ಹೇಳುತ್ತಾರೆಂದೇ ನಾನು ಎಣಿಸಿದ್ದೆ.

"ನನಗಿಂತ ಮೊದಲು ಹುಟ್ಟಿದವರು ಯಾರೂ ಉಳಿದಿರಲಿಲ್ಲ, ಮೇಡಂ," ಎಂದರು ಮರಾಠಿಯಲ್ಲಿ. "ತಾಯಿ ನನ್ನನ್ನು ಕಸದ ಗುಂಡಿಯ ಅಂಚಿಗೆ ಇಟ್ಟಳು. ಬೀದಿ ಗುಡಿಸುವ ಹೆಂಗಸು ಎತ್ತಿಕೊಂಡಳು. ಅವಳು ಇರುವತನಕ ದೀಪಾವಳಿಗೆ ನಾನು ಅವಳ ಮನೆಗೆ ಹೋಗಬೇಕಿತ್ತು. ಕಾಲಿಗೆ ಬೀಳಬೇಕಿತ್ತು. ಶಾಲೆಯಲ್ಲಿ ಹುಡುಗರು..." ಅಲ್ಲಿಗೆ ನಿಲ್ಲಿಸಿ ಕೂತುಬಿಟ್ಟರು. ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತದೆ, "ನಮ್ಮ ಚಿಕ್ಕಪ್ಪನ ಹೆಸರು ಧೋಂಡು, ಮೇಡಂ. ಅದೂ ಹೀಗೆಯೇ," ಎಂದ. ಧೋಂಡು ಎಂದರೆ ಕಲ್ಲು.

ಜಿಲ್ಲಾಧಿಕಾರಿ ಮಾವನ ಕಡೆ ತಿರುಗಿ, ಹುಡುಗಿಯನ್ನು ನೀವು ಮನೆಗೆ ಕರೆದೊಯ್ದು ಸಾಕುತ್ತೀರಾ ಎಂದು ಕೇಳಿದರು. ರಕ್ತ, ಧರ್ಮ ಎಲ್ಲ ಅವನ ಗಂಟಲಲ್ಲೇ ಉಳಿಯಿತು. ಬಡವ ಎಂದ, ಮನೆ ಸಣ್ಣದು ಎಂದ. ತಕರಾರು ವಜಾ ಆಯಿತು. ಆದೇಶವನ್ನು ಕೈಗೆ ಪಡೆದು ಹೊರಬಂದಾಗ ಅವನು ಮೆಟ್ಟಿಲಲ್ಲಿ ಕಾದಿದ್ದ. ಬೈಯುತ್ತಾನೆಂದುಕೊಂಡೆ. ಅದೇ ಟೈ ಕಟ್ಟಿದ ಫೋಟೋ ತೆಗೆದು, "ಮುಂದ ಯಾರರೆ ಬಂದ್ರ ನಮ್ಮ ಹುಡುಗನ್ನ ನೆನಪಿಡ್ರಿ ಬಾಯಾರ," ಎಂದ. ನಾಚಿಕೆ ಎಂಬ ಪದಾರ್ಥ ಕೆಲವರ ಮನೆಯ ಹೊಸ್ತಿಲನ್ನೇ ತುಳಿದಿರುವುದಿಲ್ಲ.

ಅಧೀಕ್ಷಕರು ನನ್ನೊಂದಿಗೆ ಮಾತು ಬಿಟ್ಟರು. ಪಾಸ್‌ಪೋರ್ಟಿನ ಓಡಾಟವೆಲ್ಲ ಅವರ ಚೀಟಿಗಳ ಮೂಲಕವೇ ನಡೆಯಿತು. ಇಟಲಿಯವರು ಬಂದ ದಿನ ನೋಡಿದರೆ ಹುಡುಗಿಯ ಮುಖಕ್ಕೆ ಮತ್ತೆ ಪೌಡರ್! ಕಚೇರಿಯಲ್ಲಿ ಅಷ್ಟು ಹೇಳಿದ ಮನುಷ್ಯ ಮರಳಿ ಅದೇ ಡಬ್ಬಿ ಹಿಡಿದಿದ್ದರು. ಒಂದು ಮಾತಿಗೆ ಜನ ಬದಲಾಗುವುದಿಲ್ಲ. ಹೊಸ ತಾಯಿ ಅವಳನ್ನು ನೋಡಿ, ಹಿಟ್ಟಿನಲ್ಲಿ ಆಡುತ್ತಿದ್ದಳೇ ಎಂದು ಕೇಳಿ, ಕರ್ಚೀಫು ಒದ್ದೆ ಮಾಡಿ ಮುಖ ಒರೆಸಿದಳು. ತುಟಿಯ ಗುರುತು ಹೊರಬಿತ್ತು. ಆಕೆ ಅದನ್ನು ಬೆರಳಿನಿಂದ ಒಮ್ಮೆ ಮುಟ್ಟಿದಳು.

ಅಜ್ಜಿ ಎಸ್.ಟಿ. ಬಸ್ಸಿನಲ್ಲಿ ಬಂದಿದ್ದಳು, ಕಂಕುಳಲ್ಲಿ ಖಾಲಿ ಮೊರ ಇಟ್ಟುಕೊಂಡು. ನಾನು ಏನೆಂದು ಕೇಳಿದೆ.

"ಹಂಗ ಹ್ಯಾಂಗ ಕೊಡ್ಲಿ? ನಾ ಕೊಂಡಾಕಿ. ಈಗ ಆ ಹೊಸ ತಾಯಿ ನನ್ನ ಕಡಿಂದ ಕೊಳ್ಳಬೇಕು. ಇಲ್ಲಂದ್ರ ಅಲ್ಲಿ ಯಾರು ಕಾಯೋರು?"

ದತ್ತಕದಲ್ಲಿ ಒಂದು ಕಾಳೂ ಕೈ ಬದಲಾಗಕೂಡದು ಎಂಬುದು ಕಾನೂನಿನ ಮೊದಲ ಪಾಠ. ಅಧೀಕ್ಷಕರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ವಾರಗಳ ನಂತರ ನನ್ನೊಡನೆ ಮೊದಲ ಮಾತಾಡಿದರು: "ಕಚೇರಿಯೊಳಗೆ ಇಂಥದ್ದೆಲ್ಲ ನಡೆಯುವುದಿಲ್ಲ." ಸ್ವಲ್ಪ ತಡೆದು, "ಅಡುಗೆಮನೆಯಲ್ಲಿ ಜೋಳದ ಚೀಲ ಇದೆ. ಹಿತ್ತಲ ಬಾಗಿಲಿಗೆ ಬೀಗ ಇಲ್ಲ," ಎಂದು ಹೇಳಿ ಮುಂದಿನ ಕೋಣೆಗೆ ಹೋಗಿ ಕದ ಹಾಕಿಕೊಂಡರು.

ಹಿತ್ತಲಿನಲ್ಲಿ ಅಜ್ಜಿ ನೆಲದ ಮೇಲೆ ಕೂತು ಸೆರಗಿನ ಉಡಿ ಹರಡಿದಳು. ನಾನು ಹೊಸ ತಾಯಿಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ವಿವರಿಸಿದೆ. ಆಕೆಯ ಗಂಡ ಚೀಲ ಹಿಡಿದ. ಆಕೆ ತಪ್ಪು ಮಾಡುತ್ತಿರುವವಳಂತೆ ಬೊಗಸೆಯಲ್ಲಿ ಅಷ್ಟಿಷ್ಟು ತೆಗೆದು ಮೊರಕ್ಕೆ ಹಾಕಿದಳು. ಮೊರದ ತಳ ಮುಚ್ಚಿತಷ್ಟೇ. ತಿಪ್ಪವ್ವ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಮೊರ ತುಂಬ ಹಾಕು!" ಎಂದಳು. "ನಾ ಏನ್ ಸಸ್ತಾದಾಕಿ ಅದೀನೇನು?"

ಹೊಸ ತಾಯಿ ಅರ್ಥವಾಗದೆ ನನ್ನ ಮುಖ ನೋಡಿದಳು. ಹೇಳಿದೆ. ಆಕೆ ಗಂಡನ ಕೈಯಿಂದ ಚೀಲ ಕಸಿದುಕೊಂಡು ಪೂರ್ತಿ ಬೋರಲು ಮಾಡಿದಳು. ಜೋಳ ಮೊರ ತುಂಬಿ, ಅಜ್ಜಿಯ ಉಡಿ ತುಂಬಿ, ನೆಲದ ಮೇಲೆಲ್ಲ ಹರಿಯಿತು. ಅಜ್ಜಿ ಕೈಯಾಡಿಸಿ ಅಳತೆ ನೋಡಿದಳು. ಹುಡುಗಿಯ ಕೈ ಹುಡುಕಿ ಹಿಡಿದು, ಹೊಸ ತಾಯಿಯ ಕೈಯಲ್ಲಿಟ್ಟಳು.

"ಇನ್ನ ಇದು ನಿಂದವಾ," ಎಂದಳು. "ಯಾರರೆ ಬಂದು ಕೇಳಿದ್ರ, ಕೊಂಡೀನಿ ಅನ್ನು. ಅಂಜಬ್ಯಾಡ."

ನಾನು ಒಂದು ಶಬ್ದವನ್ನೂ ಬಿಡದೆ ಆಕೆಗೆ ಹೇಳಿದೆ.